ಪುಟ್ಟ ಮಕ್ಕಳ ಸಂಗೀತ ಪೀರಿಯಡ್: ಸ್ವಯಂಸೇವಕನಾಗಿ ಒಂದು ವರ್ಷ

ಶಾಲಾ ವರ್ಷ ಮುಗಿಯಿತು. ಸಂದರ್ಶಕರ ಪುಸ್ತಕದಲ್ಲಿ ಈ ವರ್ಷದ ಕೊನೆಯ ಸಹಿ ಹಾಕಿ ಬಂದಿದ್ದೇನೆ. ಪ್ರಾಥಮಿಕ ಶಾಲೆಯೊಂದರ ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳಿಗೆ ವಾರಕ್ಕೊಮ್ಮೆ ಸಂಗೀತ ಕಲಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತೇನೆಂದು ನಾನಾಗಿ ಕೇಳಿಕೊಂಡು ಹೋದವನು ನಾನು. ಬಿಟ್ಟಿಯಾಗಿ ಕಲಿಸುತ್ತೇನೆಂದರೆ ಯಾರು ಬೇಡವೆನ್ನುತ್ತಾರೆ ಎಂದು ಮನೆಯವರು ನಕ್ಕಿದ್ದರು. ಯಾರೂ ಬೇಡವೆನ್ನಲಿಲ್ಲ, ನಿಜ. ಹಾಗೆಂದು ಬೇಗನೆ ಹೂಂ ಎಂದವರೂ ಇಲ್ಲ. ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಗಿಟ್ಟಿಸುವುದು, ಗಿಟ್ಟಿದ್ದನ್ನು ವರ್ಷವಿಡೀ ಉಳಿಸಿಕೊಳ್ಳುವುದು, ಈ ಎರಡೇ ದೊಡ್ಡ ಕೆಲಸ. ಹಾಡುವುದು ಆಮೇಲಿನ ಮಾತು.

ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗನಾಗಿದ್ದಾಗ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತು, ಆರಂಭದ ಪಾಠಗಳೆಲ್ಲ ಮುಗಿದ ಮೇಲೆ ಬರುವ ವರ್ಣದವರೆಗೆ ಬಂದಿದ್ದೆ. ಆಮೇಲೆ ಓದು, ಉದ್ಯೋಗ ಎಂದು ತಂಬೂರಿ ಮೂಲೆ ಸೇರಿತು. ಈಚೆಗೆ ಮತ್ತೆ ಅಭ್ಯಾಸಕ್ಕೆ ಕೂತಿದ್ದೇನೆ. ಕಛೇರಿ ಕೊಡುವಷ್ಟು ವಿದ್ಯೆ ನನ್ನಲ್ಲಿಲ್ಲ. ಆರು ವರ್ಷದ ಮಕ್ಕಳಿಗೆ ಅದರ ಅಗತ್ಯವೂ ಇಲ್ಲ. ಶ್ರುತಿ ಸೇರಿಸಿ ಹಾಡಲು ಬಂದರೆ, ತಾಳ ತಪ್ಪದಿದ್ದರೆ, ಒಂದೇ ವಿಷಯವನ್ನು ಹತ್ತು ಬಗೆಯಲ್ಲಿ ಹೇಳುವ ತಾಳ್ಮೆಯಿದ್ದರೆ ಸಾಕು.

ಮೊದಮೊದಲು ಶಾಲೆಗಳಿಗೆ ಫೋನ್ ಮಾಡಿದೆ. ‘ಹೇಳುತ್ತೇವೆ’ ಎಂದವರು ಹೇಳಲಿಲ್ಲ. ನೇರವಾಗಿ ಹೋದಾಗ ಒಬ್ಬ ಮುಖ್ಯೋಪಾಧ್ಯಾಯರು ಕನ್ನಡಕದ ಮೇಲಿನಿಂದ ನೋಡುತ್ತಾ, ‘ಇದರಿಂದ ನಿಮಗೇನು ಲಾಭ?’ ಎಂದು ಕೇಳಿದರು. ಆಗ ಮನಸ್ಸಿಗೆ ಚುಚ್ಚಿತು. ಬಸ್ಸಿನಲ್ಲಿ ಕೂತು ಯೋಚಿಸಿದಾಗ ಅವರು ಕೇಳಿದ್ದೇ ಸರಿ ಎನ್ನಿಸಿತು. ಮುಖಪರಿಚಯವಿಲ್ಲದ ಗಂಡಸೊಬ್ಬ ಬಂದು ಸಣ್ಣ ಮಕ್ಕಳ ಜೊತೆ ಇರುತ್ತೇನೆ, ದುಡ್ಡು ಬೇಡ ಎಂದರೆ ಯಾರಿಗಾದರೂ ಅನುಮಾನ ಬರಲೇಬೇಕು. ಅನುಮಾನಪಡದ ಶಾಲೆಯ ಬಗ್ಗೆ ಈಗ ನನಗೇ ಅನುಮಾನ.

ಕೊನೆಗೆ ಕೆಲಸ ಮಾಡಿದ್ದು ಒಂದು ಪುಟದ ಪತ್ರ. ‘ಸಂಗೀತದ ಮಹತ್ವ’ ಎಂಬ ಪ್ರಬಂಧವನ್ನೆಲ್ಲ ಅದರಿಂದ ತೆಗೆದುಹಾಕಿದ್ದೆ. ಯಾವ ತರಗತಿ, ವಾರದ ಯಾವ ದಿನ, ಎಷ್ಟು ನಿಮಿಷ, ಕೋಣೆ ಎಂಥದ್ದಿದ್ದರೆ ಸಾಕು, ನಾನು ಏನು ತರುತ್ತೇನೆ, ಶಾಲೆಯಿಂದ ಏನೂ ಖರ್ಚಿಲ್ಲ, ತರಗತಿಯ ಶಿಕ್ಷಕಿ ಜೊತೆಯಲ್ಲೇ ಇರಬೇಕು, ಇಷ್ಟೇ ಬರೆದೆ. ಆ ಕೊನೆಯ ಸಾಲನ್ನು ಓದಿದ ಮೇಲೆಯೇ ಮುಖ್ಯೋಪಾಧ್ಯಾಯಿನಿ ನನಗೆ ಕುಳಿತುಕೊಳ್ಳಲು ಹೇಳಿದ್ದು.

ಪತ್ರ ಕೊಡುವ ಕಾಲವೂ ಮುಖ್ಯ. ವೇಳಾಪಟ್ಟಿ ತಯಾರಾಗುವುದು ಶಾಲೆ ಆರಂಭವಾಗುವ ಮುಂಚೆ. ವರ್ಷದ ನಡುವೆ ಹೋದರೆ ‘ಯಾವುದಾದರೂ ಟೀಚರ್ ರಜೆ ಹಾಕಿದ ದಿನ ಕರೆಯುತ್ತೇವೆ’ ಎನ್ನುತ್ತಾರೆ. ಅದಕ್ಕೆ ಒಪ್ಪಿಕೊಳ್ಳಬೇಡಿ. ಗದ್ದಲ ಅಡಗಿಸಲು ಕರೆದವರಾಗಿ ಹೋದರೆ ವರ್ಷವಿಡೀ ಅದೇ ಕೆಲಸ. ಹಿಂದಿನ ಶಾಲಾ ವರ್ಷ ಮುಗಿಯುವ ಹೊತ್ತಿಗೆ ಅರ್ಜಿ ಕೊಡಿ, ಖಾಯಂ ಪೀರಿಯಡ್ ಕೇಳಿ.

ಆಮೇಲೆ ಶುರುವಾಯಿತು ಕಾಯುವಿಕೆ. ‘ಆಡಳಿತ ಮಂಡಳಿಯ ಸಭೆಯಲ್ಲಿ ಇಡುತ್ತೇವೆ’ ಎಂದರು. ಸಭೆ ಮುಂದಕ್ಕೆ ಹೋಯಿತು. ಪರೀಕ್ಷೆ ಬಂತು, ರಜೆ ಬಂತು. ಮತ್ತೆ ಮತ್ತೆ ಕೇಳಿದರೆ ಪೀಡಿಸಿದಂತೆ, ಕೇಳದಿದ್ದರೆ ಮರೆತುಬಿಡುತ್ತಾರೆ. ಕಚೇರಿಯ ಗುಮಾಸ್ತರ ಪರಿಚಯ ಮಾಡಿಕೊಂಡದ್ದರಿಂದ ಬಚಾವಾದೆ. ಯಾವ ಕಾಗದ ಯಾರ ಮೇಜಿನ ಮೇಲಿದೆ ಎಂಬುದು ಅವರಿಗಲ್ಲದೆ ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಈ ಬಿಡುವಿನಲ್ಲಿ ಕಾಗದಪತ್ರ ಹೊಂದಿಸಿಕೊಳ್ಳಿ. ನನ್ನಿಂದ ಕೇಳಿದ್ದು ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆಯ ಪ್ರತಿ, ಭಾವಚಿತ್ರ, ಸಂಬಂಧಿಕರಲ್ಲದ ಇಬ್ಬರ ಪರಿಚಯ ಪತ್ರ, ಸಂಭಾವನೆ ಕೇಳುವುದಿಲ್ಲವೆಂಬ ಮುಚ್ಚಳಿಕೆ, ಮತ್ತು ಪೊಲೀಸ್ ಪರಿಶೀಲನಾ ಪ್ರಮಾಣಪತ್ರ. ಸಿಕ್ಕಿಹಾಕಿಕೊಂಡದ್ದು ಈ ಕೊನೆಯದರಲ್ಲಿ. ನನ್ನ ಒಂದು ದಾಖಲೆಯಲ್ಲಿ ಇನಿಷಿಯಲ್ ಮಾತ್ರ ಇದೆ, ಇನ್ನೊಂದರಲ್ಲಿ ತಂದೆಯ ಪೂರ್ಣ ಹೆಸರು ಹಿಂದೆ ಸೇರಿಕೊಂಡಿದೆ. ಕಂಪ್ಯೂಟರಿನ ಪಾಲಿಗೆ ನಾವು ಇಬ್ಬರು ಬೇರೆ ಬೇರೆ ಮನುಷ್ಯರು. ಇಬ್ಬರೂ ನಾನೇ ಎಂದು ಪ್ರಮಾಣ ಮಾಡಿ ಬರೆದುಕೊಟ್ಟ ಮೇಲೆಯೇ ಕಡತ ಅಲುಗಿತು. ಅರ್ಜಿ ಹಾಕುವ ಮುಂಚೆ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಹೆಸರಿನ ಅಕ್ಷರ ಅಕ್ಷರ ಹೋಲಿಸಿ ನೋಡಿ. ಪ್ರಮಾಣಪತ್ರ ಯಾವ ಉದ್ದೇಶಕ್ಕೆ ಎಂದು ಬರೆಯುವ ಜಾಗದಲ್ಲಿ ‘ಮಕ್ಕಳೊಂದಿಗೆ ಕೆಲಸ’ ಎಂದೇ ಸ್ಪಷ್ಟವಾಗಿ ಇರಲಿ. ಬರಿಯ ‘ಉದ್ಯೋಗ’ ಎಂದಿದ್ದ ನನ್ನ ಮೊದಲ ಅರ್ಜಿ ಶಾಲೆಗೆ ಒಪ್ಪಿಗೆಯಾಗಲಿಲ್ಲ.

ಮಕ್ಕಳ ಸುರಕ್ಷತೆಯ ತರಬೇತಿಗೂ ಕೂರಿಸಿದರು. ಕಾಟಾಚಾರಕ್ಕೆ ಎಂದುಕೊಂಡು ಹೋದೆ, ಪ್ರಯೋಜನವಾಯಿತು. ಮಗುವಿನೊಂದಿಗೆ ಒಬ್ಬರೇ ಕೋಣೆಯಲ್ಲಿ ಇರಬಾರದು, ಬಾಗಿಲು ತೆರೆದಿರಬೇಕು, ಫೋಟೊ ತೆಗೆಯಬಾರದು, ಮಗು ಏನನ್ನಾದರೂ ಗುಟ್ಟಾಗಿ ಹೇಳಿಕೊಂಡರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡದೆ ಶಾಲೆಯಲ್ಲಿ ಅದಕ್ಕೆಂದೇ ನೇಮಿಸಿದವರಿಗೆ ತಿಳಿಸಬೇಕು. ಸಂಗೀತದವರಿಗೆ ಇದರಲ್ಲಿ ಒಂದು ಪಾಠ ಹೆಚ್ಚು ಅನ್ವಯಿಸುತ್ತದೆ. ನಮಗೆ ಕಲಿಸಿದ ಗುರುಗಳು ಕೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸಿದ್ದರು. ಇಲ್ಲಿ ಅದು ಸಲ್ಲದು. ನಿಮ್ಮ ತಾಳವನ್ನು ನಿಮ್ಮ ತೊಡೆಯ ಮೇಲೆ ಹಾಕಿ ತೋರಿಸಿ, ಮಕ್ಕಳು ನೋಡಿ ಕಲಿಯುತ್ತಾರೆ.

ಶಿಕ್ಷಕಿ ತರಗತಿಯಲ್ಲಿ ಇರಬೇಕೆಂಬ ಷರತ್ತನ್ನು ಪತ್ರದಲ್ಲಿ ಬರೆಯುವುದು ಸುಲಭ. ನಿಜವಾಗಿ ಅವರು ನನ್ನ ಪೀರಿಯಡ್ಡನ್ನು ತಮಗೆ ಸಿಕ್ಕ ಬಿಡುವು ಎಂದುಕೊಂಡಿದ್ದರು. ರಾಶಿ ಬಿದ್ದ ನೋಟ್‌ಬುಕ್ ನೋಡಿದರೆ ಅವರನ್ನು ದೂರುವುದಾದರೂ ಹೇಗೆ? ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂತು ತಿದ್ದಿಕೊಳ್ಳುವುದು ಎಂದು ಒಪ್ಪಂದವಾಯಿತು. ವರ್ಷ ಅರ್ಧವಾಗುವ ಹೊತ್ತಿಗೆ ಕೆಂಪು ಪೆನ್ನು ಬೆಂಚಿನ ಮೇಲೆ ತಾಳ ಹಾಕುವುದು ನನಗೆ ಕೇಳಿಸುತ್ತಿತ್ತು.

ಇನ್ನೊಂದು ಅಡ್ಡಿಯನ್ನು ನಾನು ಊಹಿಸಿರಲೇ ಇಲ್ಲ. ತರಗತಿಯೊಳಗೆ ಮೊಬೈಲ್ ನಿಷಿದ್ಧ. ನನ್ನ ತಂಬೂರಿಯೇ ಮೊಬೈಲಿನೊಳಗಿದೆ! ಶ್ರುತಿ ಪೆಟ್ಟಿಗೆ ಹೊಂದಿಸಿಕೊಳ್ಳುವವರೆಗೆ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಒಂದರಿಂದ ಕಾಲ ತಳ್ಳಬೇಕಾಯಿತು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇರುವಂಥ ಉಕ್ಕಿನ ಕವೆ, ಬಡಿದರೆ ಒಂದೇ ಸ್ವರ ಕೊಡುತ್ತದೆ: 440 ಹರ್ಟ್ಸ್, ಅಂದರೆ ಕೀಬೋರ್ಡಿನ ‘ಎ’. ಅದರಿಂದ ಒಳ್ಳೆಯದೇ ಆಯಿತು, ಮುಂದೆ ಹೇಳುತ್ತೇನೆ.

ಮೊದಲ ತರಗತಿಗೆ ಹೋಗುವಾಗ ಹೊಟ್ಟೆಯೊಳಗೆ ನಡುಕವಿತ್ತು. ನಲವತ್ತು ನಿಮಿಷದ ಪೀರಿಯಡ್ ಎಂದು ಪಾಠ ಯೋಜಿಸಿದ್ದೆ. ಮಕ್ಕಳು ಸಾಲಿನಲ್ಲಿ ಬರುವುದು, ಚಪ್ಪಲಿ ಬಿಡುವುದು, ಯಾರ ಪಕ್ಕ ಯಾರು ಎಂಬ ಜಗಳ, ಒಬ್ಬರು ಶೌಚಾಲಯಕ್ಕೆ ಎಂದೊಡನೆ ಎಲ್ಲರಿಗೂ ಶೌಚಾಲಯ. ಕೈಗೆ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಅದರಲ್ಲೂ ಒಂದೇ ಕೆಲಸವನ್ನು ಐದಾರು ನಿಮಿಷಕ್ಕಿಂತ ಹೆಚ್ಚು ಎಳೆದರೆ ಹಿಂದಿನ ಸಾಲು ಕುಸ್ತಿಗೆ ಇಳಿಯುತ್ತದೆ. ಕೂತು ಹಾಡು, ಎದ್ದು ನಡೆ, ಕೇಳು, ಚಪ್ಪಾಳೆ ಹೊಡೆ ಎಂದು ಬದಲಾಯಿಸುತ್ತಿರಬೇಕು. ‘ಸುಮ್ಮನಿರಿ’ ಎಂದು ಕೂಗಿದರೆ ನಿಮ್ಮ ಗಂಟಲು ಹೋಗುತ್ತದೆ, ಅಷ್ಟೇ. ನಾನು ಮಾತು ನಿಲ್ಲಿಸಿ ಚಪ್ಪಾಳೆಯಲ್ಲಿ ಒಂದು ಜತಿ, ಅಂದರೆ ಲಯದ ಒಂದು ತುಣುಕು, ಹೊಡೆಯುತ್ತೇನೆ, ಕೇಳಿಸಿಕೊಂಡವರು ಅದನ್ನೇ ತಿರುಗಿ ಹೊಡೆಯುತ್ತಾರೆ. ಮೂರನೆಯ ಸಲಕ್ಕೆ ಇಡೀ ಕೋಣೆ ನನ್ನ ಕಡೆ ತಿರುಗಿರುತ್ತದೆ.

ಈಗ ಶ್ರುತಿಯ ವಿಷಯ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಈ ವಯಸ್ಸಿನ ಬಹುಪಾಲು ಮಕ್ಕಳ ದನಿ ಸಲೀಸಾಗಿ ಆಡುವುದು ಚಿಕ್ಕ ಹರವಿನಲ್ಲಿ. ಕೀಬೋರ್ಡಿನ ನಡುವಣ ‘ಸಿ’ಯ ಪಕ್ಕದ ‘ಡಿ’ಯಿಂದ ಮೇಲಿನ ‘ಎ’ವರೆಗೆ ಎಂದುಕೊಳ್ಳಿ, ಒಂದೆರಡು ಮನೆ ಆಚೀಚೆ. ಗಂಡಸು ತನ್ನ ಸಹಜ ಶ್ರುತಿಯಲ್ಲಿ ಹಾಡಿದರೆ ಅದು ಒಂದು ಸ್ಥಾಯಿ ಕೆಳಗೆ ಬೀಳುತ್ತದೆ. ಕೆಲವು ಮಕ್ಕಳು ತಾವಾಗಿ ಮೇಲಿನ ಸ್ಥಾಯಿಯಲ್ಲಿ ಹಿಡಿದುಕೊಳ್ಳುತ್ತಾರೆ, ಇನ್ನು ಕೆಲವರು ನನ್ನಂತೆಯೇ ಹಾಡಲು ಹೋಗಿ ಗದ್ದವನ್ನು ಎದೆಗೆ ಒತ್ತಿಕೊಂಡು ಗುರುಗುಟ್ಟುತ್ತಾರೆ. ಆ ಗುರುಗುಟ್ಟುವ ಮಕ್ಕಳಿಗೆ ಸಂಗೀತ ಬರುವುದಿಲ್ಲವೆಂದಲ್ಲ, ಪಾಪ, ನಿಮ್ಮನ್ನು ಅಷ್ಟು ನಿಷ್ಠೆಯಿಂದ ಅನುಸರಿಸುತ್ತಿದ್ದಾರೆ. ಐದು, ಐದೂವರೆ ಮನೆಯ ಶ್ರುತಿಯಲ್ಲಿ (ನಡುವಣ ‘ಸಿ’ಗಿಂತ ಕೆಳಗಿನ ‘ಜಿ’, ‘ಜಿ ಶಾರ್ಪ್’) ಹಾಡುವ ಹೆಂಗಸರಿಗೂ ಇದು ತಪ್ಪಿದ್ದಲ್ಲ. ಅವರ ಷಡ್ಜವೂ (ಆಧಾರ ಸ್ವರವಾದ ‘ಸ’) ಈ ಮಕ್ಕಳಿಗೆ ತಗ್ಗು. ನಾನು ‘ಡಿ’ಯನ್ನು ಷಡ್ಜ ಮಾಡಿಕೊಂಡೆ, ಕಳ್ಳದನಿಯಲ್ಲಿ ತೆಳ್ಳಗೆ ಹಾಡಿದೆ, ಸ್ವರ ಹಿಡಿದುಕೊಂಡ ಮಗುವೊಂದನ್ನು ಮುಂದೆ ಬಿಟ್ಟು ಉಳಿದವರು ಅದರಂತೆ ಹಾಡುವ ಹಾಗೆ ಮಾಡಿದೆ. ಮಗುವಿನ ದನಿಯನ್ನು ಮಗು ಹಿಡಿದಷ್ಟು ಬೇಗ ದೊಡ್ಡವರ ದನಿಯನ್ನು ಹಿಡಿಯುವುದಿಲ್ಲ.

‘ಡಿ’ ಷಡ್ಜವಾದರೆ 440ರ ಕವೆ ಕೊಡುವ ‘ಎ’ ಸರಿಯಾಗಿ ಪಂಚಮ (ಪ). ನನ್ನ ಹಾಜರಿ ಶುರುವಾಗುತ್ತಿದ್ದದ್ದು ಅಲ್ಲಿಂದಲೇ. ಪಂಚಮದಿಂದ ಗಾಂಧಾರಕ್ಕೆ (ಗ) ಇಳಿಯುವ ಎರಡೇ ಸ್ವರದಲ್ಲಿ ಒಂದೊಂದು ಹೆಸರು ಕರೆಯುವುದು, ಮಗು ಅದೇ ಎರಡು ಸ್ವರದಲ್ಲಿ ‘ಇದ್ದೇನೆ’ ಎನ್ನುವುದು. ಮಕ್ಕಳು ಆಟದಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆಯುವಾಗ ಈ ಇಳಿತ ತಾನಾಗಿ ಬರುವುದನ್ನು ಗಮನಿಸಿ. ಹಂಗೇರಿಯ ಸಂಗೀತ ರಚನೆಕಾರ ಜೋಲ್ಟಾನ್ ಕೊಡಾಯ್ (1882–1967) ಅವರ ವಿಚಾರಗಳ ಮೇಲೆ ಬೆಳೆದ ಶಿಕ್ಷಣ ಕ್ರಮದಲ್ಲಿ ಪುಟ್ಟ ಮಕ್ಕಳ ಪಾಠ ಆರಂಭವಾಗುವುದೂ ಈ ಇಳಿತದಿಂದಲೇ. ಯಾರು ಸ್ವರ ಹಿಡಿದಿದ್ದಾರೆ, ಯಾರಿಗೆ ಇನ್ನೂ ಸಿಕ್ಕಿಲ್ಲ ಎಂಬುದು ಹಾಜರಿ ಮುಗಿಯುವುದರೊಳಗೆ ತಿಳಿದುಬಿಡುತ್ತದೆ, ಪರೀಕ್ಷೆ ನಡೆಯಿತೆಂದು ಮಕ್ಕಳಿಗೆ ಗೊತ್ತೂ ಆಗುವುದಿಲ್ಲ.

ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠದಿಂದ, ಏಕೆ ಶುರುಮಾಡಲಿಲ್ಲವೆಂದು ನನ್ನ ಗುರುಗಳೇ ಕೇಳಿದರು. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಕ್ರಮ ಅದು, ನಾನೂ ಅದರಲ್ಲೇ ಕಲಿತವನು. ಸ-ರಿ-ಗ-ಮ ಹೇಗೋ ಪ-ದ-ನಿ-ಸ ಹಾಗೆಯೇ, ಎರಡು ಭಾಗಕ್ಕೂ ಒಂದೇ ಅಂತರ. ಗುರುವಿನ ಎದುರು ಒಬ್ಬಿಬ್ಬರು ಕೂತು ಕಲಿಯುವುದಾದರೆ ಅದರಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ನಲವತ್ತು ಮಕ್ಕಳು ಒಟ್ಟಿಗೆ ಹಾಡುವಾಗ ಮಾತ್ರ ಷಡ್ಜಕ್ಕೆ ಅಂಟಿಕೊಂಡ ಶುದ್ಧ ಋಷಭ (ರಿ) ಕರಗಿಹೋಗುತ್ತದೆ, ಯಾರದು ಸ ಯಾರದು ರಿ ಎಂದು ತಿಳಿಯುವುದಿಲ್ಲ. ಮೋಹನ ರಾಗದಲ್ಲಿ ಹಾಗೆ ಅಕ್ಕಪಕ್ಕ ಅಂಟಿಕೊಂಡ ಸ್ವರಗಳೇ ಇಲ್ಲ. ಐದೂ ಸ್ವರ ದೂರ ದೂರ, ಎಲ್ಲವೂ ಮಕ್ಕಳ ದನಿಯ ಹರವಿನ ಆಸುಪಾಸಿನಲ್ಲೇ. ನಾನು ಮೋಹನ ಹಿಡಿದೆ. ಗುರುಗಳು ‘ಹೂಂ’ ಎಂದರು, ಒಪ್ಪಿದರೋ ಇಲ್ಲವೋ ಕೇಳಲಿಲ್ಲ.

ಶ್ರುತಿಕವೆಯ ಕಥೆ ಹೇಳುತ್ತೇನೆಂದಿದ್ದೆ. ಒಂದು ದಿನ ಕವೆಯನ್ನು ಮಂಡಿಗೆ ಬಡಿದು ಅದರ ಕಾಂಡವನ್ನು ಮರದ ಮೇಜಿಗೆ ಊರಿದೆ. ಅಷ್ಟು ಹೊತ್ತು ನನ್ನ ಕಿವಿಗಷ್ಟೇ ಕೇಳುತ್ತಿದ್ದ ಸ್ವರವನ್ನು ಮೇಜು ಕೋಣೆಗೆಲ್ಲ ಹೇಳಿತು. ಮಕ್ಕಳು ಒಬ್ಬೊಬ್ಬರೇ ಬಂದು ಮೇಜಿಗೆ ಕಿವಿಯಿಟ್ಟರು. ಶ್ರವಣ ಸಾಧನ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಕಿವಿಯಿಡದೆ ಅಂಗೈಯನ್ನು ಮೇಜಿಗೆ ಒತ್ತಿಕೊಂಡು, ಸ್ವರ ನಿಲ್ಲುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ ಕವೆಯ ತುದಿಯನ್ನು ನೀರಿನ ಲೋಟಕ್ಕೆ ಮುಟ್ಟಿಸಿದೆ. ನೀರು ಚಿಮ್ಮಿ ಮುಂದಿನ ಸಾಲಿನ ಮೂಗುಗಳ ಮೇಲೆ ಬಿತ್ತು. ‘ಸಾರ್, ಹಾಡು ಒದ್ದೆ ಇದೆ!’ ಎಂದ ಒಬ್ಬ. ಆ ದಿನ ಹಾಡಲೇ ಇಲ್ಲ, ಪೀರಿಯಡ್ ಪೂರ್ತಿ ಅದರಲ್ಲೇ ಕಳೆಯಿತು.

ಲಯ ಕಲಿಸಲು ನಮ್ಮ ಜತಿಗಳಿಗಿಂತ ಒಳ್ಳೆಯ ಸಾಧನ ನನಗೆ ಕಾಣಲಿಲ್ಲ. ಅರ್ಧ ಮಕ್ಕಳು ‘ತಕಿಟ’ ಹೇಳುತ್ತಾ ಮೊದಲ ಅಕ್ಷರಕ್ಕೆ ಚಪ್ಪಾಳೆ, ಇನ್ನರ್ಧ ಅದೇ ವೇಗದಲ್ಲಿ ‘ತಕದಿಮಿ’ಗೆ ಚಪ್ಪಾಳೆ. ಮೂರು ಮತ್ತು ನಾಲ್ಕು ಹನ್ನೆರಡು ಅಕ್ಷರ ಕಳೆದಾಗ ಮತ್ತೆ ಒಟ್ಟಿಗೆ ಬೀಳುತ್ತವೆ. ಮಗ್ಗಿ ಇನ್ನೂ ಕಲಿಯದ ಮಕ್ಕಳು ಆ ಒಟ್ಟಿಗೆ ಬೀಳುವ ಚಪ್ಪಾಳೆಗಾಗಿ ಬಾಯಿ ತೆರೆದು ಕಾಯುತ್ತಿದ್ದರು. ಅದು ಬಂದಾಗ ಕಿರುಚುತ್ತಿದ್ದರು. ಪಕ್ಕದ ತರಗತಿಯಿಂದ ದೂರು ಬಂತು. ನಮ್ಮನ್ನು ಊಟದ ಹಾಲಿಗೆ ಸಾಗಹಾಕಿದರು. ಅಲ್ಲಿ ದನಿ ಗುಂಯ್ ಎಂದು ಮಾರ್ದನಿಸಿ ಚಪ್ಪಾಳೆ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಪತ್ರದಲ್ಲಿ ಕೋಣೆಯ ಬಗ್ಗೆ ಬರೆಯಿರಿ ಎಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ. ಪಾಠ ನಡೆಯುವ ಕೋಣೆಗಳಿಂದ ದೂರವಿರುವ, ಪರದೆಯೋ ಜಮಖಾನವೋ ಇರುವ ಚಿಕ್ಕ ಕೋಣೆ ಕೇಳಿ.

ವಾದ್ಯಗಳ ವಿಷಯದಲ್ಲಿ ಒಂದೇ ಮಾತು. ಕೈಗೆ ಕೊಟ್ಟ ಮೇಲೆ ಏನು ಹೇಳಿದರೂ ಯಾರೂ ಕೇಳುವುದಿಲ್ಲ, ಹೇಳುವುದನ್ನೆಲ್ಲ ಹೇಳಿ ಮುಗಿಸಿ ಕೊಡಿ. ಪ್ಲಾಸ್ಟಿಕ್ ಬಾಟಲಿಗೆ ಕಾಳು ತುಂಬಿ ಗಿಲಕಿ ಮಾಡಿದ್ದೆವು. ಬರಿಯ ಟೇಪ್ ಸುತ್ತಿದ್ದ ಒಂದು ಬಿಚ್ಚಿಕೊಂಡು ಕಾಳು ನೆಲಕ್ಕೆಲ್ಲ ಹರಡಿತು. ಸಣ್ಣ ಮಕ್ಕಳ ಮೂಗಿಗೂ ಕಿವಿಗೂ ಕಾಳು ಹೋಗಲು ಕ್ಷಣ ಸಾಕು, ಮುಚ್ಚಳವನ್ನು ಗಟ್ಟಿ ಅಂಟಿನಿಂದಲೇ ಕೂರಿಸಿ. ರೆಕಾರ್ಡರ್‌ನಂಥ ಊದುವ ವಾದ್ಯವನ್ನು ಈ ವಯಸ್ಸಿಗೆ ತರಬೇಡಿ. ಬೆರಳು ತೂತು ಮುಚ್ಚುವುದಿಲ್ಲ, ಒಬ್ಬರು ಊದಿದ್ದನ್ನು ಇನ್ನೊಬ್ಬರು ಊದುವಂತೆಯೂ ಇಲ್ಲ.

ಹುಡುಗನೊಬ್ಬನಿದ್ದ. ಯಾವ ಸ್ವರ ಕೊಟ್ಟರೂ ಒಂದೇ ಸ್ವರದಲ್ಲಿ ಉತ್ತರ ಕೊಡುತ್ತಿದ್ದ. ಹಿಂದೆ ಯಾರೋ ‘ನೀನು ಹಾಡಬೇಡ, ಬಾಯಿ ಆಡಿಸು ಸಾಕು’ ಎಂದಿದ್ದರಂತೆ. ಅವನು ಅದನ್ನು ನಿಯಮವೆಂದೇ ಪಾಲಿಸುತ್ತಿದ್ದ. ಇಂಥ ಮಕ್ಕಳನ್ನು ನಿಮ್ಮ ಸ್ವರಕ್ಕೆ ಎಳೆಯುವ ಬದಲು ಅವರ ಸ್ವರಕ್ಕೆ ನೀವು ಹೋಗಿ. ಅವನ ಆ ಒಂದು ಸ್ವರವನ್ನು ನಾನು ಹಾಡಿದೆ, ಇಡೀ ತರಗತಿ ಅದನ್ನೇ ಹಾಡಿತು. ಇಬ್ಬರ ದನಿ ಒಂದಾದಾಗ ಹೇಗಿರುತ್ತದೆಂದು ಅವನು ಬಹುಶಃ ಮೊದಲ ಸಲ ಕೇಳಿಸಿಕೊಂಡ. ಅಲ್ಲಿಂದ ಒಂದು ಮೆಟ್ಟಿಲು ಮೇಲೆ, ಒಂದು ಮೆಟ್ಟಿಲು ಕೆಳಗೆ. ನಡುವೆ ಆಂಬುಲೆನ್ಸಿನ ಸೈರನ್ನಿನಂತೆ ದನಿ ಏರಿಸಿ ಇಳಿಸುವ ಆಟ. ವರ್ಷದ ಕೊನೆಗೆ ಹಾಜರಿಯ ಎರಡು ಸ್ವರ ಅವನಿಗೆ ಬರುತ್ತಿತ್ತು, ಕೆಲವು ವಾರ ಬರುತ್ತಿರಲಿಲ್ಲ. ನನ್ನ ಪಾಲಿಗೆ ಈ ವರ್ಷದ ದೊಡ್ಡ ಸಂಪಾದನೆ ಅದು.

ಅತಿ ದೊಡ್ಡ ಜಗ್ಗಾಟ ನಡೆದದ್ದು ವಾರ್ಷಿಕೋತ್ಸವದ ಹೊತ್ತಿಗೆ. ‘ಚೆನ್ನಾಗಿ ಹಾಡುವ ಹತ್ತು ಮಕ್ಕಳನ್ನು ಆರಿಸಿ ಒಂದು ಐಟಂ ಮಾಡಿಸಿ, ಅಲ್ಲಿಯವರೆಗೆ ಪೀರಿಯಡ್ ರಿಹರ್ಸಲ್‌ಗೆ ಇರಲಿ’ ಎಂದರು. ಆರಿಸಿದರೆ ಉಳಿದ ಮೂವತ್ತು ಮಕ್ಕಳು ತಮಗೆ ಸಂಗೀತ ಬರುವುದಿಲ್ಲವೆಂದು ಆರನೇ ವಯಸ್ಸಿಗೇ ತೀರ್ಮಾನಿಸಿಕೊಳ್ಳುತ್ತಾರೆ. ಆಗುವುದಿಲ್ಲ ಎಂದೆ. ಮುಖ ಬಿಗಿದುಕೊಂಡಿತು. ಪೀರಿಯಡ್ ಕೈತಪ್ಪುತ್ತದೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ತರಗತಿಯ ಶಿಕ್ಷಕಿಯೇ ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ, ‘ಮೇಡಂ, ಆ ತಕಿಟ ತಕದಿಮಿಯನ್ನೇ ಎಲ್ಲ ಮಕ್ಕಳಿಂದ ಮಾಡಿಸೋಣ, ಬೇರೆ ರಿಹರ್ಸಲ್ ಬೇಕಾಗುವುದಿಲ್ಲ’ ಎಂದರು. ನಲವತ್ತು ಮಕ್ಕಳೂ ವೇದಿಕೆ ಹತ್ತಿದರು. ಎರಡು ಗುಂಪೂ ಒಮ್ಮೆ ದಾರಿ ತಪ್ಪಿ ಮತ್ತೆ ಕೂಡಿಕೊಂಡವು, ಪೋಷಕರು ಅದೂ ಯೋಜನೆಯ ಭಾಗವೆಂದು ಚಪ್ಪಾಳೆ ತಟ್ಟಿದರು. ಶಿಕ್ಷಕಿಯನ್ನು ಕೋಣೆಯಲ್ಲಿ ಉಳಿಸಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೂ ಹೌದು. ಹೊರಗಿನಿಂದ ಬಂದವನ ಮಾತಿಗಿಂತ ಅವರ ಮಾತು ಹೆಚ್ಚು ನಡೆಯುತ್ತದೆ.

ಖರ್ಚಿನ ಬಗ್ಗೆ ಕೇಳುವವರಿಗೆ: ವಾದ್ಯಕ್ಕೆ ಹೋದದ್ದು ಕಡಿಮೆ. ಪ್ರಯಾಣ, ಜೆರಾಕ್ಸ್, ಅರ್ಜಿ ಶುಲ್ಕ, ಎಲ್ಲಕ್ಕಿಂತ ಹೆಚ್ಚಾಗಿ ಕಚೇರಿಯಲ್ಲಿ ಹಾಕಿದ ಅರ್ಧ ದಿನದ ರಜೆಗಳು. ಯಾವುದನ್ನು ಶಾಲೆ ಭರಿಸುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ, ಏನೂ ಇಲ್ಲವೆಂದರೆ ಅದನ್ನೂ ಬರೆಸಿಕೊಳ್ಳಿ. ಗಂಟಲನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಬೇಕು. ದನಿ ಕೂತ ವಾರಗಳಲ್ಲಿ ನನ್ನನ್ನು ಕಾಪಾಡಿದ್ದು 19ನೇ ಶತಮಾನದಲ್ಲಿ ಇಂಗ್ಲೆಂಡಿನ ಸಂಗೀತ ಶಿಕ್ಷಣತಜ್ಞ ಜಾನ್ ಕರ್ವೆನ್ ಬಳಕೆಗೆ ತಂದ ಕೈಸನ್ನೆಗಳು. ಒಂದೊಂದು ಸ್ವರಕ್ಕೆ ಕೈಯ ಒಂದೊಂದು ಭಂಗಿ. ನಾನು ಬಾಯಿ ಬಿಡದೆ ಕೈ ಏರಿಸಿ ಇಳಿಸಿದರೆ ಮಕ್ಕಳು ಹಾಡುತ್ತಿದ್ದರು.

ಮುಂದಿನ ವರ್ಷಕ್ಕೂ ಬರುತ್ತೀರಾ ಎಂದು ಕಚೇರಿಯಿಂದ ಕೇಳಿದ್ದಾರೆ. ಬರುತ್ತೇನೆ ಎಂದಿದ್ದೇನೆ. ಊಟದ ನಂತರದ ಪೀರಿಯಡ್ ಬದಲು ಬೆಳಗಿನ ಎರಡನೆಯದನ್ನು ಕೇಳಿದ್ದೇನೆ, ಊಟವಾದ ಮೇಲೆ ಅರ್ಧ ತರಗತಿ ತೂಕಡಿಸುತ್ತದೆ. ಪೊಲೀಸ್ ಪ್ರಮಾಣಪತ್ರವನ್ನು ಮಾತ್ರ ಹೊಸದಾಗಿ ತರಬೇಕಂತೆ. ಈ ಸಲ ಇಬ್ಬರೂ ನಾನೇ ಎಂಬ ಪ್ರಮಾಣಪತ್ರದ ಪ್ರತಿಯನ್ನು ಅರ್ಜಿಯ ಜೊತೆಗೇ ಪಿನ್ ಮಾಡಿ ಇಟ್ಟಿದ್ದೇನೆ.